ವಂಶದಲ್ಲಿ ಯಾರೂ ಇಲ್ಲ

ಮೇಘನಳ ರವಿಕೆಯ ಎರಡೂ ಪಕ್ಕ ಬಿಚ್ಚಿ, ಒಳಕ್ಕೆ ಹಿಡಿದು ಮತ್ತೆ ಹೊಲಿಯುತ್ತಿದ್ದೆ. ಅತ್ತೆ ಎದುರಿಗೆ ಕೂತು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದರು. ಗಿಣಿಹಸಿರು ರೇಷ್ಮೆ, ಸೂಜಿ ಚುಚ್ಚಿದಲ್ಲೆಲ್ಲ ತೂತು ಉಳಿಯುವ ಬಟ್ಟೆ. ಹಳೆಯ ಹೊಲಿಗೆಯ ಸಾಲು ಎರಡು ಕಾಣುತ್ತಿತ್ತು. ಒಂದು ಯುಗಾದಿಗೆ ಹಿಡಿದದ್ದು, ಇನ್ನೊಂದು ಗೌರಿಹಬ್ಬಕ್ಕೆ. ಅತ್ತೆ ಆ ಎರಡು ಸಾಲಿನ ಮೇಲೆ ಉಗುರು ಎಳೆದು ನೋಡಿದರು. ಕೆಳಗೆ ಗಿರಣಿಯಲ್ಲಿ ಮಾವ ಯಾರದೋ ಗೋಧಿ ಬೀಸುತ್ತಿದ್ದರು. ನಾವು ಕೂತ ನೆಲ ಸಣ್ಣಗೆ ಅದುರುತ್ತಿತ್ತು.

ದೀಪಾವಳಿ ಕಳೆದಿತ್ತು. ಮುಂದಿನ ಭಾನುವಾರ ಎನ್.ಆರ್.ಪುರದಿಂದ ಮೇಘನಳನ್ನು ನೋಡಲು ಬರುವವರಿದ್ದರು. ಹುಡುಗ ಸೋಮನಾಥ್, ಸೊಸೈಟಿಯಲ್ಲಿ ಸೆಕ್ರೆಟರಿ. ಅವನ ತಂದೆ ರೇಣುಕಪ್ಪನವರು ಮಠದಲ್ಲಿ ಎದುರಾದಾಗ ತಾವಾಗೇ ಮಾವನ ಹತ್ತಿರ ಹೆಣ್ಣು ಕೇಳಿದ್ದರು. ತಾವಾಗೇ ಕೇಳಿದರು ಎಂಬುದನ್ನು ಅತ್ತೆ ಹಿಟ್ಟು ಬೀಸಿಸಲು ಬಂದವರಿಗೆಲ್ಲ ಒಂದು ತಿಂಗಳಿಂದ ಹೇಳುತ್ತಿದ್ದರು.

ಮೇಘನ ರವಿಕೆ ಹಾಕಿಕೊಂಡು ಬಂದಳು. ಬೆನ್ನ ಹಿಂದೆ ಇನ್ನೂ ಎರಡು ಬೆರಳು ಸಡಿಲವಿತ್ತು. ಅತ್ತೆ ಅವಳ ತೋಳು ಹಿಡಿದು ತಿರುಗಿಸಿದರು.

"ಎಂತ ಮಾರಾಯ್ತಿ ಇದು, ಕೋಲಿಗೆ ಅಂಗಿ ಹಾಕಿದ ಹಾಗೆ."

"ಈಗ ಎಲ್ಲರೂ ಹೀಗೇ ಇರೋದು ಅಮ್ಮ. ಟಿವಿಲಿ ನೋಡಲ್ವಾ ನೀನು?" ಮೇಘನ ನಕ್ಕಳು. ನಗುತ್ತಲೇ ತಿರುಗಿದವಳು ಕಿಟಕಿಯ ಸರಳು ಹಿಡಿಯಲು ಕೈ ಚಾಚಿದಳು. ಸರಳು ಸಿಗಲಿಲ್ಲ. ನೆಲಕ್ಕೆ ಬಿದ್ದಳು. ದೊಡ್ಡ ಸದ್ದೇನೂ ಆಗಲಿಲ್ಲ. ಅರ್ಧ ಮೂಟೆ ಹಿಟ್ಟು ಇಳಿಸಿದರೆ ಇದಕ್ಕಿಂತ ಜೋರಾಗಿ ಕೇಳುತ್ತದೆ.

ನಾನು ಒಬ್ಬಳೇ ಎತ್ತಿ ಮಂಚದ ಮೇಲೆ ಮಲಗಿಸಿದೆ. ಅತ್ತೆ ನೀರು ಚಿಮುಕಿಸಿದರು. ಇಷ್ಟು ಹಗುರ ಇದ್ದಾಳಲ್ಲ ಎಂದು ಅತ್ತೆಗೆ ಆಶ್ಚರ್ಯ. ನನಗೆ ಆಶ್ಚರ್ಯ ಆಗಲಿಲ್ಲ. ಮೂವತ್ನಾಲ್ಕು ಕೆಜಿ ಎಂದು ನನಗೆ ಗೊತ್ತಿತ್ತು. ನಾನೇ ತೂಗಿದ್ದೆ.

ನಾನು ಈ ಮನೆಯ ಮಗಳಲ್ಲ. ಮಾವ ಮರುಳಸಿದ್ದಪ್ಪ ನನ್ನ ತಾಯಿ ದಾಕ್ಷಾಯಿಣಿಯ ಅಣ್ಣ, ಅತ್ತೆ ಪ್ರೇಮ ಅವರ ಹೆಂಡತಿ. ಅಮ್ಮನನ್ನು ಕೊಪ್ಪದ ಕಡೆಗೆ ಕೊಟ್ಟಿದ್ದರು. ನನಗೆ ಆರು ವರ್ಷ ಆಗಿದ್ದಾಗ ಅಮ್ಮ ಊಟ ಬಿಟ್ಟು ಸತ್ತಳು. ಮಾವ ನಾಲ್ಕು ಜನ ಹಿರಿಯರನ್ನು ಕರೆದುಕೊಂಡು ಹೋಗಿ ನನ್ನ ಅಪ್ಪನ ಮನೆಯ ಅಂಗಳದಲ್ಲಿ ನಿಂತು, "ಅನ್ನ ಹಾಕದೆ ಕೊಂದ್ರಲ್ಲೋ ನನ್ನ ತಂಗೀನ" ಎಂದು ಕೂಗಿದರಂತೆ. ಅಪ್ಪನ ಮನೆಯವರು ತಲೆ ತಗ್ಗಿಸಿ ನಿಂತಿದ್ದರಂತೆ. ಇದನ್ನು ಅಮ್ಮನ ತಾಯಿ, ಅಜ್ಜಿ ವೀರಬಸಮ್ಮ, ಇವತ್ತಿಗೂ ಹೇಳುತ್ತಾರೆ. ಆಮೇಲೆ ಅಪ್ಪ ಇನ್ನೊಂದು ಮದುವೆ ಮಾಡಿಕೊಂಡರು. ನಾನು ಬಾಳೆಹೊನ್ನೂರಿಗೆ, ಗಿರಣಿಯ ಮೇಲಿನ ಈ ಮನೆಗೆ ಬಂದೆ.

ಅಪ್ಪನ ಮನೆಯವರು ಅಮ್ಮನಿಗೆ ಅನ್ನ ಹಾಕುತ್ತಿದ್ದರು. ಅದು ನನಗೆ ಗೊತ್ತು, ಯಾಕೆಂದರೆ ಆ ಅನ್ನ ತಿಂದವಳು ನಾನು. ಅಮ್ಮ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ತನ್ನ ತಟ್ಟೆಯ ತುತ್ತನ್ನು ಒಂದೊಂದಾಗಿ ನನ್ನ ಬಾಯಿಗೆ ಇಡುತ್ತಿದ್ದಳು. ನೋಡಿದವರಿಗೆ ಮಗುವಿಗೆ ಉಣಿಸುವ ತಾಯಿ. ಕೊನೆಕೊನೆಗೆ ಅವಳ ತೊಡೆಯ ಮೂಳೆ ನನಗೆ ಒತ್ತುತ್ತಿತ್ತು, ಕೂರಲು ಆಗುತ್ತಿರಲಿಲ್ಲ. ಕೆಳಗಿಳಿಯಲು ನೋಡಿದರೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಳು.

ಅಮಾವಾಸ್ಯೆಗೆ ಗಿರಣಿಗೆ ರಜ. ಇಲ್ಲಿಗೆ ಬಂದ ಮೇಲೆ ಪ್ರತಿ ಅಮಾವಾಸ್ಯೆ ಅತ್ತೆ ನನ್ನನ್ನು ಕೆಳಗೆ ಕರೆದುಕೊಂಡು ಹೋಗಿ ಮೂಟೆ ತೂಗುವ ಮಿಷಿನ್ನಿನ ಮೇಲೆ ನಿಲ್ಲಿಸುತ್ತಿದ್ದರು. ತೂಕವನ್ನು ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಕಾಲು ಕೆಜಿ ಇಳಿದರೂ ಆ ವಾರವೆಲ್ಲ ಅಜ್ಜಿ ನನ್ನ ಎದುರಿಗೆ ಕೂತು ಉಣ್ಣಿಸುತ್ತಿದ್ದರು. "ನುಂಗು. ನಿನ್ನ ಅಮ್ಮನ ಬುದ್ಧಿ ಈ ಮನೇಲಿ ಬೇಡ." ಬೀಗರು ಅನ್ನ ಹಾಕದೆ ಕೊಂದರು ಎಂದು ಊರಿಗೆಲ್ಲ ಹೇಳುವವರು ತಿಂಗಳು ತಿಂಗಳು ನನ್ನನ್ನು ತೂಗಿ ನೋಡುತ್ತಿದ್ದರು. ಏಳನೇ ಕ್ಲಾಸಿಗೆ ಶಾಲೆ ಬಿಡಿಸಿ ಗಿರಣಿಗೆ ಹಾಕಿದರು. ಅಲ್ಲಿಂದ ಮಿಷಿನ್ನಿನ ಕಬ್ಬಿಣದ ಗುಂಡು ಸರಿಸುವ ಕೆಲಸವೂ ನನ್ನದೇ ಆಯಿತು. ನನ್ನ ತೂಕ ನಾನೇ ನೋಡಿ ನಾನೇ ಬರೆಯುತ್ತಿದ್ದೆ.

ಮೇಘನಳನ್ನು ಯಾರೂ ಯಾವತ್ತೂ ತೂಗಲಿಲ್ಲ. ಅವಳು ಮನೆಯ ಮಗಳು.

ನಮ್ಮ ಮನೆಯಲ್ಲಿ ತಟ್ಟೆಯಲ್ಲಿ ಒಂದು ಅಗುಳು ಬಿಡುವ ಹಾಗಿಲ್ಲ. ಅದು ಪ್ರಸಾದ. ಉಂಡ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿಯಬೇಕು. ಅಜ್ಜಿ ಒಲೆಯ ಪಕ್ಕ ಮಣೆ ಹಾಕಿಕೊಂಡು ಎಲ್ಲರ ತಟ್ಟೆ ನೋಡುತ್ತಾರೆ. ಕಣ್ಣಿಗೆ ಪೊರೆ ಬಂದಿದೆ, ಬೆಳ್ಳಗಿನ ಅನ್ನ ಉಳಿದಿದೆಯೋ ಇಲ್ಲವೋ ಅಷ್ಟು ಕಾಣುತ್ತದೆ. ಅದು ಯಾರ ಬಾಯಿಗೆ ಹೋಯಿತು ಎಂದು ಕಾಣುವುದಿಲ್ಲ. ಒಂದೂವರೆ ವರ್ಷದಿಂದ ಮೇಘನಳ ರೊಟ್ಟಿ, ಅವಳ ಕಡುಬು, ಅವಳ ಅನ್ನ ನನ್ನ ತಟ್ಟೆಗೆ ಜಾರುತ್ತಿತ್ತು. ಮಾವ, ಅತ್ತೆ ಮೊದಲೇ ಉಂಡು ಎದ್ದಿರುತ್ತಿದ್ದರು. ಮೇಘನ ತೊಳೆದ ನೀರನ್ನು ಮಾತ್ರ ಕುಡಿಯುತ್ತಿದ್ದಳು, ಅಜ್ಜಿಗೆ ಕೇಳುವಂತೆ ಗುಟುಕು ಗುಟುಕಾಗಿ.

"ನೋಡಿ ಕಲಿಯೇ ಕಮಲ," ಅನ್ನುತ್ತಿದ್ದರು ಅಜ್ಜಿ. "ತಟ್ಟೆ ಅಂದ್ರೆ ಹಾಗೆ ತೊಳೀಬೇಕು."

ಮೊದಲ ಸಲ ಅವಳು ತನ್ನ ರೊಟ್ಟಿ ಸರಿಸಿದಾಗ ನನಗೆ ಸಂತೋಷವಾಗಿತ್ತು. ಕಾಲೇಜಿಗೆ ಹೋಗುವ ಮನೆಮಗಳು ನನ್ನ ಹತ್ತಿರ ಒಂದು ಗುಟ್ಟು ಇಟ್ಟಳಲ್ಲ ಎಂದು. ಆಮೇಲೆ ಬೇರೆ ಒಂದು ಸಂತೋಷವೂ ಹುಟ್ಟಿತು. ಅದನ್ನು ಹೇಳಲು ನಾಚಿಕೆ. ಹದಿನಾರು ವರ್ಷ ನನ್ನ ಮೈಯಲ್ಲಿ ಹುಡುಕಿದ್ದು ಅವಳ ಮೈಯಲ್ಲಿ ಸಿಕ್ಕಿತ್ತು. ಅಮಾವಾಸ್ಯೆಯ ಮಧ್ಯಾಹ್ನ ಎಲ್ಲರೂ ಮಲಗಿದಾಗ ಅವಳು ತಾನೇ ಕೆಳಗಿಳಿದು ಬಂದು ಮಿಷಿನ್ನಿನ ಮೇಲೆ ನಿಲ್ಲುತ್ತಿದ್ದಳು. ನಾನು ಗುಂಡು ಸರಿಸುತ್ತಿದ್ದೆ. ನಲವತ್ತಾರು. ನಲವತ್ತೊಂದು. ಮೂವತ್ತೇಳು. ತೂಕ ಇಳಿದ ಪ್ರತಿ ಸಲ ಅವಳ ಮುಖ ಪಾಸಾದ ಹುಡುಗಿಯ ಮುಖದ ಹಾಗೆ ಆಗುತ್ತಿತ್ತು. ನಿನಗೆ ಬಂತು, ನನಗೆ ಬರಲಿಲ್ಲ, ಎಂದು ನಾನು ಒಳಗೊಳಗೇ ಅಂದುಕೊಳ್ಳುತ್ತಿದ್ದೆ. ಅಂದುಕೊಂಡು ಅವಳ ಪಾಲಿನ ರೊಟ್ಟಿ ತಿನ್ನುತ್ತಿದ್ದೆ.

ಅವಳು ಬಿದ್ದ ಮಾರನೆ ದಿನ ಕೊಪ್ಪಕ್ಕೆ ಹೊರಟೆವು. ಬಾಳೆಹೊನ್ನೂರಿನಲ್ಲೇ ತೋರಿಸಿದರೆ ಸಂಜೆಯೊಳಗೆ ಎನ್.ಆರ್.ಪುರಕ್ಕೆ ಸುದ್ದಿ ಮುಟ್ಟುತ್ತದೆ ಎಂದು ಅತ್ತೆ ಅಂದಿದ್ದರು. ಬಸ್ಸಿಗೆ ಹೊರಡುವ ಮೊದಲು ಮೇಘನ ನನ್ನನ್ನು ಬಚ್ಚಲಿಗೆ ಕರೆದಳು. ಗಿರಣಿಯ ತೂಕದ ಕಲ್ಲು, ಎರಡು ಕೆಜಿಯವು ಎರಡು, ಅವಳ ಕಾಲ ಹತ್ತಿರ ಇದ್ದವು.

"ಕಟ್ಟೇ," ಅಂದಳು.

"ಬೇಡ ಮೇಘನ."

"ಕಟ್ಟದಿದ್ರೆ ಇಷ್ಟು ದಿನ ನನ್ನ ಊಟ ತಿಂದಿದ್ದು ಯಾರು ಅಂತ ಅಮ್ಮಂಗೆ ಹೇಳ್ತೀನಿ. ಯಾರನ್ನ ಮನೆಯಿಂದ ಓಡಿಸ್ತಾರೆ ನೋಡೋಣ."

ಹಳೆ ಪಂಚೆಯ ಪಟ್ಟಿಯಲ್ಲಿ ಸುತ್ತಿ ಅವಳ ಸೊಂಟಕ್ಕೆ ಕಟ್ಟಿದೆ. ದೊಗಳೆ ಚೂಡಿದಾರದ ಮೇಲೆ ಏನೂ ಕಾಣಲಿಲ್ಲ. ಬಸ್ಸಿನಲ್ಲಿ ಅವಳು ನನ್ನ ಭುಜಕ್ಕೆ ಒರಗಿ ಕೂತಳು. ಕೊಪ್ಪದವರೆಗೂ ತಿರುವು ತಿರುವಿಗೆ ಆ ಕಬ್ಬಿಣ ನನ್ನ ಪಕ್ಕೆಗೆ ತಾಗುತ್ತಿತ್ತು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಊರಿಗೆ ಹೊಸಬರು. ತೂಕ ನೋಡಿ ಮೂವತ್ತೆಂಟು ಎಂದು ಬರೆದುಕೊಂಡರು. ಉಗುರು ಒತ್ತಿ ನೋಡಿದರು. ತೋಳಿನ ಮೇಲೆ ಹೊಸದಾಗಿ ಬೆಳೆದಿದ್ದ ಸಣ್ಣ ಕೂದಲನ್ನು ಬೆರಳಿನಿಂದ ಸವರಿ ನೋಡಿದರು. ಮುಟ್ಟು ಸರಿಯಾಗಿ ಆಗುತ್ತಾ ಎಂದು ಕೇಳಿದರು. "ಎಲ್ಲ ಸರಿಯಾಗಿದೆ," ಎಂದು ಅತ್ತೆ ಅಂದರು. ಮೇಘನ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು.

ಡಾಕ್ಟರು ಪೆನ್ನು ಕೆಳಗಿಟ್ಟು ಮಾವನ ಕಡೆ ತಿರುಗಿದರು.

"ನೋಡಿ ಯಜಮಾನ್ರೇ, ತೆಳ್ಳಗಾಗ್ಬೇಕು ಅಂತ ಊಟ ಬಿಡೋ ಹುಡುಗೀರು ಬೇಕಾದಷ್ಟಿದ್ದಾರೆ. ನಾಲ್ಕು ದಿನ ಬಿಡ್ತಾರೆ, ಐದನೇ ದಿನ ತಿಂತಾರೆ. ಕೆಲವರಿಗೆ ಮಾತ್ರ ಒಂದು ಸಲ ಬಿಟ್ಟರೆ ಮತ್ತೆ ಹಿಡಿಯೋಕೆ ಆಗಲ್ಲ. ಅದು ಅವರ ಹಟ ಅಲ್ಲ. ಹಾಗಾಗೋ ಗುಣ ಎಷ್ಟೋ ಸಲ ರಕ್ತದಲ್ಲೇ ಬಂದಿರುತ್ತೆ. ಬಂದವರಿಗೆಲ್ಲ ಕಾಯಿಲೆ ಆಗಲ್ಲ. ಒಂದೇ ಮನೇಲಿ ಒಬ್ಬರಿಗೆ ಆಗುತ್ತೆ, ಇನ್ನೊಬ್ಬರು ಚೆನ್ನಾಗೇ ಇರ್ತಾರೆ. ಅದಕ್ಕೇ ಕೇಳ್ತ ಇದೀನಿ. ನಿಮ್ಮ ವಂಶದಲ್ಲಿ ಯಾರಾದ್ರೂ ಹೀಗೆ ಊಟ ಬಿಟ್ಟವರಿದ್ದಾರಾ?"

ಮಾವ ಎದೆಯ ಮೇಲಿನ ಲಿಂಗದ ಕರಡಿಗೆಗೆ ಕೈ ಇಟ್ಟರು. "ನಮ್ಮ ವಂಶದಲ್ಲಿ ಯಾರೂ ಇಲ್ಲ ಡಾಕ್ಟ್ರೇ. ಲಿಂಗ ಮುಟ್ಟಿ ಹೇಳ್ತೀನಿ."

"ಸರಿಯಾಗಿ ಯೋಚನೆ ಮಾಡಿ ಹೇಳಿ. ಇದ್ದಾರೆ ಅಂದ್ರೆ ನಾನು ಇವತ್ತೇ ಮಣಿಪಾಲಕ್ಕೆ ಬರೆದುಕೊಡ್ತೀನಿ. ಅಲ್ಲಿ ಒಳಗೆ ಸೇರಿಸ್ಕೊಂಡು ನೋಡ್ತಾರೆ, ಎರಡು ಮೂರು ತಿಂಗಳೂ ಆಗಬಹುದು. ಅದೇ ಕಾಯಿಲೆ ಆಗಿದ್ದು ಹಾಗೇ ಬಿಟ್ರೆ ಹೃದಯ ನಿಂತು ಹೋಗುತ್ತೆ. ಯಾರೂ ಇಲ್ಲ ಅಂದ್ರೆ, ಮೊದಲು ಹೊಟ್ಟೆಗೆ ಔಷಧಿ ಕೊಟ್ಟು ಒಂದು ತಿಂಗಳು ನೋಡೋಣ."

"ಇಲ್ಲವೇ ಇಲ್ಲ," ಎಂದರು ಮಾವ.

ಮಾವ ಸುಳ್ಳು ಹೇಳುವವರಲ್ಲ. ಗಿರಣಿಯಲ್ಲಿ ಬೇರೆಯವರ ಹಿಟ್ಟು ಒಂದು ಹಿಡಿ ಉಳಿದರೂ ಕರೆದು ಕೊಡುತ್ತಾರೆ. ನಾನು ಅವರ ಮುಖ ನೋಡಿದೆ. ಅಲ್ಲಿ ಸುಳ್ಳಿನ ಗುರುತೇ ಇರಲಿಲ್ಲ. ಅದು ನನಗೆ ಅರ್ಥವಾಗಲಿಲ್ಲ.

ಡಾಕ್ಟರ ಕಣ್ಣು ನನ್ನ ಮೇಲೆ ಬಿತ್ತು. "ಇವರು?"

"ನಮ್ಮ ಯಜಮಾನರ ತಂಗಿ ಮಗಳು," ಅತ್ತೆ ಅಂದರು.

"ಇವರ ತಾಯಿ? ಅವರು ಆರೋಗ್ಯವಾಗಿದ್ದಾರಾ?"

"ತೀರಿಕೊಂಡ್ರು. ಇವಳ ಹೆರಿಗೆಲಿ." ಅತ್ತೆ ಎಷ್ಟು ಸಲೀಸಾಗಿ ಹೇಳಿದರು ಎಂದರೆ ನನಗೇ ಒಂದು ಗಳಿಗೆ ನಿಜವಿರಬೇಕು ಅನ್ನಿಸಿತು.

"ಹೌದಾಮ್ಮ?" ಡಾಕ್ಟರು ನನ್ನನ್ನೇ ಕೇಳಿದರು.

ಅಮ್ಮನ ತೊಡೆಯ ಮೇಲೆ ಕೂತು ಉಂಡವಳು ನಾನು. ಅವಳ ಹೆಣದ ಪಕ್ಕ ಕೂತವಳು. ಅತ್ತೆಯ ಬೆರಳು ನನ್ನ ಬೆನ್ನ ಹಿಂದೆ, ರವಿಕೆಯ ಕೆಳಗೆ, ಒಂದು ಹಿಡಿ ಮಾಂಸ ಹಿಡಿದು ತಿರುಚುತ್ತಿತ್ತು. ಮೇಘನ ಕ್ಯಾಲೆಂಡರ್ ಬಿಟ್ಟು ನನ್ನನ್ನು ನೋಡಿದಳು. ನಾನು ತಲೆ ಆಡಿಸಿದೆ. ಹುಟ್ಟುವಾಗಲೇ ತಾಯಿಯನ್ನು ಕೊಂದೆ ಎಂದು ಒಪ್ಪಿಕೊಂಡೆ. ಡಾಕ್ಟರು "ಪಾಪ" ಎಂದು ಹೊಟ್ಟೆಯ ಔಷಧಿ ಬರೆದರು.

ಬಸ್ ಸ್ಟ್ಯಾಂಡಿನಲ್ಲಿ ಬಾಳೆಹೊನ್ನೂರು ಬಸ್ಸು ಇನ್ನೂ ಬಂದಿರಲಿಲ್ಲ. ಅತ್ತೆ, ಮೇಘನ ಬೆಂಚಿನ ಮೇಲೆ ಕೂತರು. ಮಾವ ನನಗೂ ಒಂದು ಟೀ ತಂದುಕೊಟ್ಟರು. ನಾನು ಅವರ ಎದುರು ಮಾತಾಡುವವಳಲ್ಲ. ಲೋಟದ ಕಡೆ ನೋಡುತ್ತಾ ಕೇಳಿದೆ.

"ಮಾವ, ಅಮ್ಮನೂ ಊಟ ಬಿಟ್ಟೇ ಹೋಗಿದ್ದಲ್ವಾ. ಡಾಕ್ಟರಿಗೆ ಯಾಕೆ ಹೇಳಲಿಲ್ಲ?"

ಅವರು ಸಿಟ್ಟಾಗಲಿಲ್ಲ. ದಡ್ಡ ಮಗುವಿಗೆ ಮಗ್ಗಿ ಹೇಳಿಕೊಡುವ ಹಾಗೆ ಹೇಳಿದರು.

"ದಾಕ್ಷಾಯಿಣಿ ನಮ್ಮ ವಂಶ ಹೇಗಾಗ್ತಾಳೆ ಮಾರಾಯ್ತಿ? ಧಾರೆ ಎರೆದು ಕೊಟ್ಟ ಮೇಲೆ ಅವಳ ಬೆಡಗು-ಗೋತ್ರ ಬೇರೆ, ಮನೆ ಬೇರೆ, ಮನೆದೇವರು ಬೇರೆ. ಅವಳು ಸತ್ತಾಗ ನಮ್ಮನೇಲಿ ತಿಥಿ ಮಾಡಿದ್ವಾ? ಇಲ್ಲ. ಡಾಕ್ಟ್ರು ಕೇಳಿದ್ದು ವಂಶ. ನಾನು ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರನ್ನೂ ನೆನೆಸಿಕೊಂಡೇ ಹೇಳಿದ್ದು. ಒಬ್ಬೊಬ್ಬರೂ ಸೇರಕ್ಕಿ ಅನ್ನ ಉಂಡವರು. ಲಿಂಗ ಮುಟ್ಟಿ ಸುಳ್ಳು ಹೇಳ್ತೀನಾ ನಾನು?"

"ಡಾಕ್ಟರು ರಕ್ತ ಅಂದ್ರಲ್ಲ ಮಾವ."

"ರಕ್ತಾನೇ. ಕೊಟ್ಟ ಹೆಣ್ಣಿನ ರಕ್ತ ಕೊಟ್ಟ ಮನೇದು."

ಬೆಂಚಿನ ಮೇಲಿನಿಂದ ಅತ್ತೆ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. "ಇವಳಿಗೆ ಎಂತ ಬೇಕು ಗೊತ್ತಾಯ್ತಾ ನಿಮಗೆ?" ಎಂದು ಮಾವನಿಗೆ ಹೇಳಿದರು. "ಇವಳಿಗೆ ಯಾವ ಗಂಡೂ ಬರಲಿಲ್ಲ. ನನ್ನ ಮಗಳಿಗೆ ಬಂದ ಒಂದು ಸಂಬಂಧ ಮಣಿಪಾಲದ ಆಸ್ಪತ್ರೆ ಬಾಗಿಲಲ್ಲಿ ಮುರಿದು ಬೀಳಲಿ ಅಂತ ಇವಳ ಆಸೆ. ಟೀ ಬೇರೆ ಕುಡಿಸ್ತಾ ಇದೀರ."

ಮಾವ ಲೋಟ ತೆಗೆದುಕೊಂಡು ಹೋಗಿ ಅಂಗಡಿಗೆ ಕೊಟ್ಟರು. ಅದರಲ್ಲಿ ಇನ್ನೂ ಅರ್ಧ ಟೀ ಇತ್ತು.

ಭಾನುವಾರ ಗಂಡಿನ ಕಡೆಯವರನ್ನು ಊಟಕ್ಕೇ ಕರೆದಿದ್ದರು. ಬೆಳಿಗ್ಗೆ ಮೇಘನಳ ರವಿಕೆಯ ಒಳಗೆ ಹತ್ತಿ ಇಟ್ಟು ಹೊಲಿದೆ. ಮೂರು ಲಂಗ ಒಂದರ ಮೇಲೊಂದು ಹಾಕಿಸಿ ಸೀರೆ ಉಡಿಸಿದೆವು. ಅತ್ತೆ ಅವಳ ಗಲ್ಲಕ್ಕೆ ಬಣ್ಣ ಹಚ್ಚಿ, ದೂರ ನಿಂತು ನೋಡಿ, ಇನ್ನಷ್ಟು ಹಚ್ಚಿದರು. ನನಗೆ ಬೇರೆ ಅಪ್ಪಣೆ ಆಗಿತ್ತು. ಬಂದವರು ಹೋಗುವವರೆಗೂ ಗಿರಣಿಯಲ್ಲೇ ಇರಬೇಕು. ನನ್ನನ್ನು ನೋಡಿದರೆ ದಾಕ್ಷಾಯಿಣಿಯ ಮಾತು ಬರುತ್ತದೆ.

ನಾನು ಹಿಟ್ಟಿನ ಡಬ್ಬಗಳ ನಡುವೆ ಕೂತಿದ್ದೆ. ಮೇಲಿನ ಮಾತು ಮರದ ಹಲಗೆಯ ಸಂದಿನಲ್ಲಿ ಚೆನ್ನಾಗಿ ಕೇಳುತ್ತದೆ. ಹುಡುಗನ ಜೊತೆ ಅವನ ತಂದೆ ರೇಣುಕಪ್ಪ, ದೊಡ್ಡಮ್ಮ ಬಂದಿದ್ದರು. ದೊಡ್ಡಮ್ಮನದು ದೊಡ್ಡ ಗಂಟಲು.

"ಹುಡುಗಿ ಲಕ್ಷಣವಾಗಿದೆ. ಕೈ ಮಾತ್ರ ಯಾಕೋ ಕಡ್ಡಿ ಹಾಗಿದೆಯಲ್ಲ ಪ್ರೇಮಕ್ಕ. ತಪ್ಪು ತಿಳ್ಕೋಬೇಡಿ, ನಿಮ್ಮನೆ ಹೆಣ್ಣುಮಗಳೊಬ್ಬಳು ಕೊಪ್ಪದ ಕಡೆ ಊಟ ಬಿಟ್ಟು ಹೋದಳು ಅಂತ ಕೇಳಿದೀನಿ. ಮನೆತನದಲ್ಲಿ ಅಂಥದ್ದೇನಿಲ್ಲ ತಾನೆ?"

ಅತ್ತೆ ಕೂಗಿದರು. "ಕಮಲಾ! ಬಾರೇ ಮೇಲೆ."

ಸೆರಗಿನ ಹಿಟ್ಟು ಕೊಡವಿಕೊಂಡು ಹೋದೆ. ಅತ್ತೆ ನನ್ನ ಎರಡೂ ಭುಜ ಹಿಡಿದು, ಹಸು ತೋರಿಸುವವರ ಹಾಗೆ, ಅವರ ಎದುರಿಗೆ ನಿಲ್ಲಿಸಿದರು.

"ಇವಳೇ ನೋಡಿ ಅವಳ ಮಗಳು. ಅದೇ ಹೊಟ್ಟೇಲಿ ಹುಟ್ಟಿದವಳು. ಅಂಥದ್ದು ರಕ್ತದಲ್ಲಿ ಇದ್ದಿದ್ರೆ ಮೊದಲು ಯಾರಿಗೆ ಬರ್ಬೇಕಿತ್ತು ಹೇಳಿ? ಇವಳಿಗಲ್ವಾ? ನೋಡಿ ಹೇಗಿದಾಳೆ. ಎಷ್ಟೇ ನೀನು? ಹೇಳೇ."

"ಎಪ್ಪತ್ತೆಂಟು," ಅಂದೆ.

ದೊಡ್ಡಮ್ಮ ಕೈ ಚಾಚಿ ನನ್ನ ತೋಳು ಹಿಸುಕಿದರು. "ಗಟ್ಟಿ ಮಾಲು."

"ಮೈ ನೋಡಿದ್ರೆ ಏನು ಗೊತ್ತಾಗುತ್ತೆ, ಉಣ್ಣೋದು ನೋಡ್ಬೇಕು," ರೇಣುಕಪ್ಪನವರು ತಮಾಷೆಗೆ ಅಂದರು.

ಅತ್ತೆ ತಮಾಷೆ ಮಾಡಲಿಲ್ಲ. ನನಗೆ ಅಲ್ಲೇ ನಡುಮನೆಯಲ್ಲಿ ಎಲೆ ಹಾಕಿಸಿದರು. ಹೋಳಿಗೆ ಬಡಿಸಿದರು. ನಾನು ತಿಂದೆ. ಎರಡು, ಮೂರು, ನಾಲ್ಕು. ತುಪ್ಪ ಹಾಕಿದರು. ಐದನೆಯದನ್ನು ನೀರು ಕುಡಿದು ಇಳಿಸಿದೆ. ಬಂದವರು ಸುತ್ತ ಕೂತು ನೋಡುತ್ತಿದ್ದರು.

"ಗಿರಣಿ ಕಲ್ಲಿಗೂ ನಡುವೆ ಒಂದು ಸಲ ಬಿಡುವು ಕೊಡ್ತಾರೆ ಮಾರಾಯ್ರೆ," ಎಂದರು ರೇಣುಕಪ್ಪ. ಎಲ್ಲರೂ ನಕ್ಕರು. ಸೋಮನಾಥ್ ನಗುತ್ತಾ ಮೇಘನಳ ಕಡೆ ನೋಡಿದ. ಮೇಘನ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಅವಳ ಎದುರಿನ ಎಲೆ ಬಡಿಸಿದ ಹಾಗೇ ಇತ್ತು. ಹುಡುಗಿ ನಾಚಿಕೊಂಡು ಉಣ್ಣುತ್ತಿಲ್ಲ ಎಂದು ದೊಡ್ಡಮ್ಮನೇ ಹೇಳಿದರು.

ನಾನು ಒಂಬತ್ತು ತಿಂದೆ. ದೊಡ್ಡಮ್ಮ ಎಲೆ ಅಡಿಕೆ ಕೈಗೆತ್ತಿಕೊಂಡು, "ಏನಿಲ್ಲ ಬಿಡಿ, ಮನೆತನ ಶುದ್ಧ ಇದೆ," ಎಂದರು. ಮಾಘದಲ್ಲಿ ಮದುವೆ ಎಂದು ಮಾತಾಯಿತು.

ಸಂಜೆ ಪಾತ್ರೆ ತೊಳೆಯುವಾಗ ಮೇಘನ ಬಂದು ಪಕ್ಕದ ಕಲ್ಲಿನ ಮೇಲೆ ಕೂತಳು. ಹತ್ತಿಯ ರವಿಕೆ ತೆಗೆದು ನೈಟಿ ಹಾಕಿದ್ದಳು. ಅದರೊಳಗೆ ಮೈ ಎಲ್ಲಿದೆ ಎಂದು ಹುಡುಕಬೇಕಿತ್ತು.

"ಒಂಬತ್ತು ತಿಂದೆಯಲ್ಲೇ," ಅಂದಳು. ಅಣಕವಲ್ಲ, ನಿಜವಾಗಿಯೂ ಮೆಚ್ಚಿಕೊಂಡು ಹೇಳಿದಳು. "ಅಲ್ಲಿಗೆ ಹೋದ ಮೇಲೆ ನನ್ನದು ಯಾರು ತಿಂತಾರೆ? ನಿನ್ನನ್ನೂ ನನ್ನ ಜೊತೆ ಕಳಿಸಿ ಅಂತ ಅಮ್ಮಂಗೆ ಹೇಳ್ಲಾ? ಕೆಲಸಕ್ಕೆ ಅಂತ."

ನಾನು ತಟ್ಟೆ ಉಜ್ಜುತ್ತಲೇ ಇದ್ದೆ.

"ನಾನು ಬೇಕು ಅಂತ ಬಿಟ್ಟಿದ್ದಲ್ಲ ಕಣೇ. ಮೊದಲು ಬೇಕು ಅಂತಾನೇ ಬಿಟ್ಟೆ. ಈಗ ತಿನ್ನೋಣ ಅಂತ ತುತ್ತು ಎತ್ತಿದ್ರೆ ಕೈ ಅಲ್ಲೇ ನಿಲ್ಲುತ್ತೆ. ಯಾರೋ ಒಳಗೆ ಕೂತು ಬೇಡ ಅಂತಾರೆ. ನನ್ನ ಧ್ವನಿ ಅಲ್ಲ ಅದು." ಅವಳು ನನ್ನ ಕಡೆ ತಿರುಗಿದಳು. "ದಾಕ್ಷಾಯಿಣಿ ಅತ್ತೆಗೂ ಹೀಗೇ ಆಗ್ತಿತ್ತಾ? ನಿಂಗೆ ನೆನಪಿದೆಯಾ?"

ನೆನಪಿತ್ತು. ಅಮ್ಮ ಒಂದು ದಿನ ತುತ್ತನ್ನು ತನ್ನ ತುಟಿಯವರೆಗೆ ಎತ್ತಿ, ನಾನು ನೋಡುತ್ತಿದ್ದ ಹಾಗೇ, ಅಳುತ್ತಾ ನನ್ನ ಬಾಯಿಗೆ ತುರುಕಿದ್ದಳು. ಅದನ್ನು ಹೇಳಿದ್ದರೆ ಮೇಘನಳಿಗೆ ತಾನು ಒಬ್ಬಳೇ ಅಲ್ಲ ಎಂದಾದರೂ ತಿಳಿಯುತ್ತಿತ್ತು. ಆದರೆ ಅವಳು ಸೆರಗು ಅಡ್ಡ ಹಿಡಿದು ನಕ್ಕಿದ್ದು ಮಧ್ಯಾಹ್ನವಷ್ಟೇ.

"ನೆನಪಿಲ್ಲ," ಅಂದೆ.

ಅವಳು ಎದ್ದು ಹೋದಳು. ಮೆಟ್ಟಿಲು ಹತ್ತುವಾಗ ನಡುವೆ ಎರಡು ಸಲ ಕೂತಳು.

ಆಮೇಲೆ ಬಂದ ಅಮಾವಾಸ್ಯೆಯ ಮಧ್ಯಾಹ್ನ ಅವಳ ರೊಟ್ಟಿ ನನ್ನ ತಟ್ಟೆಗೆ ಜಾರಿದಾಗ ನಾನು ಅದನ್ನು ಅವಳ ತಟ್ಟೆಗೇ ಇಟ್ಟೆ. ಅವಳು ಮತ್ತೆ ನನ್ನ ತಟ್ಟೆಗೆ ಹಾಕಿದಳು. ನಾನು ಕೈ ತೊಳೆದುಕೊಂಡೆ. ನನ್ನ ತಟ್ಟೆಯಲ್ಲಿ ಮೂರು ರೊಟ್ಟಿ, ಪಲ್ಯ, ಎಲ್ಲ ಹಾಗೇ ಇತ್ತು.

ಅಜ್ಜಿಗೆ ತಟ್ಟೆ ಕಂಡಿತು. "ಪ್ರೇಮಾ!" ಎಂದು ಕೂಗಿದರು. "ಬಾ ಇಲ್ಲಿ, ನೋಡು. ಇವಳಿಗೆ ಬಂತು."

ಅತ್ತೆ ಓಡಿ ಬಂದರು. ನನ್ನ ತಟ್ಟೆ ನೋಡಿದರು, ನನ್ನ ಜಡೆ ಹಿಡಿದರು. ಮಾತಾಡಲು ಬಿಡಲಿಲ್ಲ. ಹಾಗೇ ಎಳೆದುಕೊಂಡು ಗಿರಣಿಗೆ ಇಳಿದರು. ಮಾವ ಅಲ್ಲಿ ಬೆಲ್ಟಿಗೆ ಎಣ್ಣೆ ಹಾಕುತ್ತಿದ್ದರು. ಅಜ್ಜಿ ಗೋಡೆ ಹಿಡಿದುಕೊಂಡು ಹಿಂದೆ ಬಂದರು, ಅವರ ಹಿಂದೆ ಮೇಘನ.

"ಇಷ್ಟು ವರ್ಷ ಕಾದಿದ್ದು ಇದಕ್ಕೇ," ಅತ್ತೆ ಏದುಸಿರು ಬಿಡುತ್ತಿದ್ದರು. "ಸರಿಯಾಗಿ ಮದುವೆ ಹೊತ್ತಿಗೇ ತಾಯಿ ಬುದ್ಧಿ ತೋರಿಸಿದ್ಲು. ನಿಲ್ಲೇ ಮೇಲೆ."

ನಿಂತೆ. ಮಾವ ಗುಂಡು ಸರಿಸಿದರು. ಎಪ್ಪತ್ತೊಂಬತ್ತು.

"ಒಂದು ಕೆಜಿ ಹೆಚ್ಚೇ ಇದೆಯಲ್ಲ," ಎಂದರು ಮಾವ. "ಇವಳಿಗೆ ಎಂತದೂ ಆಗಿಲ್ಲ ಬಿಡು."

ನಾನು ಕೆಳಗಿಳಿದೆ. "ಈಗ ಮೇಘನನ್ನ ನಿಲ್ಲಿಸಿ," ಅಂದೆ. ಈ ಮನೆಯಲ್ಲಿ ನಾನು ಯಾರಿಗೂ ಹೀಗೆ ಹೇಳಿರಲಿಲ್ಲ. ಅದಕ್ಕೇ ಇರಬೇಕು, ಯಾರಿಗೂ ತಡೆಯಲು ತೋಚಲಿಲ್ಲ. "ಒಂದೂವರೆ ವರ್ಷದಿಂದ ಅವಳ ಊಟ ನಾನೇ ತಿಂತಾ ಇದೀನಿ. ಕೊಪ್ಪಕ್ಕೆ ಹೋದಾಗ ಅವಳ ಸೊಂಟಕ್ಕೆ ನಾಲ್ಕು ಕೆಜಿ ಕಲ್ಲು ಕಟ್ಟಿದ್ದೂ ನಾನೇ. ಈಗ ನಿಲ್ಲಿಸಿ ನೋಡಿ."

ಮೇಘನ ಬೇಡ ಅನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಯಾರನ್ನೂ ನೋಡದೆ ಚಪ್ಪಲಿ ಬಿಟ್ಟು ಮಿಷಿನ್ನಿನ ಮೇಲೆ ಹತ್ತಿದಳು. ಅವಳಿಗೂ ತನ್ನ ತೂಕ ಬೇಕಿತ್ತು. ಮಾವ ಗುಂಡನ್ನು ಎಪ್ಪತ್ತೊಂಬತ್ತರಿಂದ ಹಿಂದಕ್ಕೆ ತಂದರು. ಐವತ್ತು. ನಲವತ್ತು. ಅಲ್ಲಿ ಕೈ ತಡೆಯಿತು. ಮತ್ತೆ ಸರಿಸಿದರು. ಮೂವತ್ತೊಂದಕ್ಕೆ ಮುಳ್ಳು ನಿಂತಿತು.

ಮಾವ ಬಹಳ ಹೊತ್ತು ಮುಳ್ಳನ್ನೇ ನೋಡಿದರು.

"ಮಿಷಿನ್ನು ಕೆಟ್ಟಿದೆ," ಎಂದರು.

"ಈಗ ತಾನೇ ನನ್ನದು ಸರಿಯಾಗಿ ತೋರಿಸ್ತಲ್ಲ ಮಾವ."

"ಕೆಟ್ಟಿದೆ ಅಂದೆನಲ್ಲ. ಸೋಮವಾರ ರಿಪೇರಿಯವನನ್ನ ಕರೆಸ್ತೀನಿ."

ಅತ್ತೆ ನನ್ನ ಕೆನ್ನೆಗೆ ಹೊಡೆದರು. "ನನ್ನ ಮಗಳ ಅನ್ನ ತಿಂದು ಕೊಬ್ಬಿದ್ದು ಸಾಲದು ಅಂತ ಅವಳ ಮದುವೆಗೂ ಬಾಯಿ ಹಾಕ್ತೀಯಾ? ಇನ್ನು ಎರಡು ತಿಂಗಳು. ಧಾರೆ ಎರೆದ ಮೇಲೆ ಅವಳು ಅವರ ಮನೆಯವಳು. ಉಣ್ಣಲಿ, ಬಿಡಲಿ, ಆಸ್ಪತ್ರೆಗೇ ಸೇರಲಿ, ಅವರ ವಂಶ, ಅವರ ಪಾಡು."

ಮಗಳ ಎದುರಿಗೇ ಹೇಳಿದರು. ಮೇಘನ ಮಿಷಿನ್ನಿನ ಮೇಲೆ ಹಾಗೇ ನಿಂತಿದ್ದಳು. ಅವಳ ಮುಖದಲ್ಲಿ ಈ ಸಲ ಪಾಸಾದ ಸಂತೋಷ ಇರಲಿಲ್ಲ. ಇಳಿಯಲು ಒಂದು ಕಾಲು ಮುಂದಿಟ್ಟಳು, ತೂಗಾಡಿದಳು. ಹತ್ತಿರ ಇದ್ದವರು ಅಜ್ಜಿ. ಕೈ ಚಾಚಿ ಅವಳ ತೋಳು ಹಿಡಿದುಕೊಂಡರು. ಮೊಣಕೈಯಿಂದ ಮೇಲಕ್ಕೆ ಬೆರಳಾಡಿಸಿದರು, ಹೆಬ್ಬೆರಳು ತೋರುಬೆರಳು ಸುತ್ತ ಬಂದು ಒಂದಕ್ಕೊಂದು ತಾಗಿದವು.

"ದಾಕ್ಷಾಯಿಣಿ," ಎಂದರು ಅಜ್ಜಿ. "ಯಾವಾಗ ಬಂದ್ಯೇ?"

ಗಿರಣಿಗೆ ರಜ, ಮೋಟಾರು ಓಡುತ್ತಿರಲಿಲ್ಲ. ಎಲ್ಲರಿಗೂ ಕೇಳಿತು. ಅಜ್ಜಿಗೆ ತಾನು ಅಂದದ್ದು ಆಮೇಲೆ ತಿಳಿಯಿತು. ಬಿಸಿ ಪಾತ್ರೆ ಬಿಡುವ ಹಾಗೆ ಆ ತೋಳು ಬಿಟ್ಟು, ಕೈಯನ್ನು ಸೀರೆಗೆ ಒರೆಸಿಕೊಂಡು, ಬಾಗಿಲ ಕಡೆ ತಿರುಗಿ ನಿಂತರು. ಅತ್ತೆ ಬಗ್ಗಿ ಮೇಘನಳ ಚಪ್ಪಲಿ ಎತ್ತಿ ಅವಳ ಕಾಲ ಹತ್ತಿರ ಜೋಡಿಸಿಟ್ಟರು. ಮಾವ ಎಣ್ಣೆಯ ಡಬ್ಬಿ ಹುಡುಕುತ್ತಿದ್ದರು, ಅದು ಅವರ ಕೈಯಲ್ಲೇ ಇತ್ತು.

ನನ್ನ ಕೆನ್ನೆ ಇನ್ನೂ ಉರಿಯುತ್ತಿತ್ತು. ನಾನು ಹೇಳಿದೆ.

"ಮಾವ, ನಾಳೆ ಮೊದಲ ಬಸ್ಸಿಗೆ ಅವಳನ್ನ ಕೊಪ್ಪಕ್ಕೆ ಕರ್ಕೊಂಡು ಹೋಗಿ. ಡಾಕ್ಟರಿಗೆ ಅಮ್ಮನ ವಿಷಯ ಹೇಳಿ."

ಮಾವ ಎಣ್ಣೆಯ ಡಬ್ಬಿ ಕೆಳಗಿಟ್ಟು ಮಿಷಿನ್ನಿನ ಗುಂಡನ್ನು ಸೊನ್ನೆಗೆ ಸರಿಸಿದರು.